107 ಕೋಟಿ ಬಣ್ಣ, ಒಂದು ಸೀರೆ

ನಮ್ಮಜ್ಜಿಗೆ ಬಣ್ಣದ ಟಿ.ವಿ. ಬೇಕಾಗಿರಲೇ ಇಲ್ಲ. ಕಪ್ಪು-ಬಿಳುಪು ಪೆಟ್ಟಿಗೆಯೆದುರು ಕೂತು, "ಕುಂಕುಮಗೆಂಪು ಸೀರೆ ಆ ಹುಡುಗಿಗೆ ಎಷ್ಟು ಒಪ್ಪಿದೆ!" ಎನ್ನುತ್ತಿದ್ದಳು. "ನಿಂಗೆ ಹೇಗೆ ಗೊತ್ತಾಯ್ತಜ್ಜಿ?" ಎಂದರೆ, "ಹಸೆಮಣೆ ಮೇಲೆ ಕೂತವಳಿಗೆ ಬೂದಿ ಬಣ್ಣ ಉಡಿಸ್ತಾರೇನೋ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ದೂರದರ್ಶನಕ್ಕೆ ಬಣ್ಣ ಬಂತು. ನಮ್ಮ ಮನೆಗೆ ಬಂದದ್ದು ಪ್ಲಾಸ್ಟಿಕ್ ಹಾಳೆ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಪರದೆಗೆ ಅಂಟಿಸಿದರೆ ಬೆಟ್ಟಗುಡ್ಡಗಳೇನೋ ಸೊಗಸು. ವಾರ್ತೆ ಓದುವವರಿಗೆ ಮಾತ್ರ ತಲೆಯಲ್ಲಿ ಆಕಾಶ, ಎದೆಯಲ್ಲಿ ಗದ್ದೆ.

ಕೊನೆಗೊಮ್ಮೆ ನಿಜವಾದ ಕಲರ್ ಟಿ.ವಿ. ಬಂತು. ಪಿಕ್ಚರ್ ಟ್ಯೂಬಿನೊಳಗಿಂದ ಮೂರು ಎಲೆಕ್ಟ್ರಾನ್ ಕಿರಣಗಳು ಹೊರಟು ಕೆಂಪು, ಹಸಿರು, ನೀಲಿ ಚುಕ್ಕೆಗಳಿಗೆ ಗುರಿಯಿಟ್ಟು ಹೊಡೆಯುತ್ತವೆ ಎಂದು ಓದಿದ್ದೆ. ಗುರಿ ತಪ್ಪಿಸಿ ನೋಡೋಣವೆಂದು ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದೆ. ವಾರ್ತಾವಾಚಕಿಯ ಒಂದು ಕೆನ್ನೆ ಹಸಿರಾಯಿತು, ಇನ್ನೊಂದು ನೀಲಿಯಾಯಿತು. ಕೆಂಪು? ಅದು ಅಪ್ಪನ ಕೈಯಿಂದ ನನ್ನ ಕೆನ್ನೆಗೆ ಬಂತು. ಟಿ.ವಿ. ಹಾಕಿದಾಗಲೆಲ್ಲ 'ಧುಂ' ಎನ್ನುವ ಒಳಗಿನ ಕಾಯಿಲ್ ಆ ಕಾಂತದ ಕಲೆಯನ್ನು ನಾಲ್ಕು ದಿನದಲ್ಲಿ ಇಳಿಸಿತು. ನನ್ನದು ಇಳಿಯಲು ವಾರ ಹಿಡಿಯಿತು.

ಆಮೇಲೆ ಗೋಡೆಗೆ ಎಲ್‌ಸಿಡಿ ಏರಿತು. ಅದರ ಬೆನ್ನಿಗೆ ಸದಾ ಉರಿಯುವ ದೀಪ. ಮುಂದಿರುವ ದ್ರವಸ್ಫಟಿಕಗಳು ಬಾಗಿಲು ಎಷ್ಟು ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ. ಹಾಗಾಗಿ ದೆವ್ವದ ಸಿನಿಮಾದ ಅಮಾವಾಸ್ಯೆ ನಡುರಾತ್ರಿ ನಮ್ಮನೆಯಲ್ಲಿ ಸಂಜೆ ಆರೂವರೆಯಂತಿತ್ತು. ದೆವ್ವ ಕಾಫಿಗೆ ಬಂದಂತಿತ್ತು.

ಹೋದ ವರ್ಷ ಒಎಲ್‌ಇಡಿ ತಂದೆವು. ಇದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದರೆ ಪೂರ್ತಿ ಆರಿಬಿಡುತ್ತದೆ. ಅಂಥ ಕಪ್ಪು! ಮೊದಲ ರಾತ್ರಿಯೇ ಲೈಟೆಲ್ಲ ಆರಿಸಿ ದೆವ್ವಕ್ಕಾಗಿ ಐದು ನಿಮಿಷ ಉಸಿರು ಬಿಗಿಹಿಡಿದು ಕಾದೆವು. ಕರೆಂಟು ಹೋಗಿದೆ ಎಂದು ಫ್ಯಾನು ನಿಂತ ಮೇಲೆ ಗೊತ್ತಾಯಿತು.

ಮೂರು ಬಣ್ಣಕ್ಕೆ ಒಂದೊಂದಕ್ಕೂ 1024 ಮೆಟ್ಟಿಲು, ಗುಣಿಸಿದರೆ 107 ಕೋಟಿ ಬಣ್ಣ ಎಂದಿದ್ದ ಅಂಗಡಿಯ ಹುಡುಗ. ನಿನ್ನೆ ಧಾರಾವಾಹಿ ನೋಡುತ್ತ ನನ್ನವಳು, "ರೀ, ಆ ರಾಮಾ ಗ್ರೀನ್ ಸೀರೆ ನೋಡಿ" ಎಂದಳು. "ನೀಲಿ ಅಲ್ವಾ?" ಎಂದೆ. ಮಗ ರಿಮೋಟ್ ಒತ್ತಿದ. 'ವಿವಿಡ್'ನಲ್ಲಿ ಅದು ಗಿಳಿಹಸಿರಾಯಿತು, 'ಸಿನಿಮಾ'ದಲ್ಲಿ ಪಾಚಿಯಾಯಿತು. 107 ಕೋಟಿಯಲ್ಲಿ ನನಗೆ ಹೆಸರು ಗೊತ್ತಿರುವುದು ಏಳೆಂಟು. ಜಗಳಕ್ಕೆ ಅಷ್ಟು ಧಾರಾಳ ಸಾಕಾಯಿತು.

ಟಿ.ವಿ.ಯ ಮೇಲುಗಡೆ ಅಜ್ಜಿಯ ಮದುವೆ ಫೋಟೋ ಇದೆ, ಕಪ್ಪು-ಬಿಳುಪು. ಹಸೆಮಣೆಯ ಮೇಲೆ ಕೂತಿದ್ದಾಳೆ. ಕುಂಕುಮಗೆಂಪು ಸೀರೆ ಎಷ್ಟು ಒಪ್ಪಿದೆ!