ಗಡಿಗೆರೆಯವರ ಸನ್ನಿಧಾನಕ್ಕೆ ರಾಯದುರ್ಗದ ಬೀದಿಯಿಂದ

ಶ್ರೀ ಗಡಿಗೆರೆಯವರಿಗೆ,

ರಾಯದುರ್ಗದಲ್ಲಿ ಹುಟ್ಟಿ, ಮಗಳನ್ನು ಮಡಕಶಿರಾಕ್ಕೆ ಕೊಟ್ಟು, ಎರಡೂ ಊರಿನ ಬೀದಿಗಳಲ್ಲಿ ಚಪ್ಪಲಿ ಸವೆಸಿರುವ ಪಾದಚಾರಿಯ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಮಳೆಯೊಂದು ಬಿಟ್ಟರೆ ಯಾವುದಕ್ಕೂ ಕೊರತೆಯಿಲ್ಲ. ಮಳೆಯ ವಿಷಯದಲ್ಲಿ ತಮ್ಮನ್ನು ದೂರುವ ಹಾಗೂ ಇಲ್ಲ. ಅದು ಯಾವ ಪಕ್ಷಪಾತವನ್ನೂ ಮಾಡದೆ ತಮ್ಮ ಎರಡೂ ಮಗ್ಗುಲಿಗೆ ಸಮನಾಗಿ ಕೈಕೊಡುತ್ತದೆ.

ತಮ್ಮನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಬಹಳ ದಿನದ ಆಸೆ. ನಕಾಶೆಯಲ್ಲಿ ದಪ್ಪಗೆ, ಠೀವಿಯಿಂದ ಇರುತ್ತೀರಿ. ಮೊಳಕಾಲ್ಮುರು ರಸ್ತೆಯಲ್ಲಿ ಹುಡುಕಿಕೊಂಡು ಬಂದರೆ ಸಿಗುವುದು ಒಂದು ಸ್ವಾಗತ ಫಲಕ, ಅದಕ್ಕೆ ಮೈ ಉಜ್ಜುತ್ತಾ ನಿಂತ ಒಂದು ಎಮ್ಮೆ. ಎಮ್ಮೆಯ ಕೋಡು ಆಂಧ್ರದಲ್ಲಿತ್ತು, ಬಾಲ ಕರ್ನಾಟಕದಲ್ಲಿತ್ತು. ಹಾಲು ಯಾವ ರಾಜ್ಯದ ಲೆಕ್ಕಕ್ಕೆ ಹೋಗುತ್ತದೋ ಕೇಳೋಣವೆಂದರೆ ಅಲ್ಲಿ ಕಚೇರಿ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ ಉಳಿದದ್ದನ್ನು ಮೈಸೂರಿಗೂ ಹಂಚಿದಾಗ ತಾವು ನಮ್ಮೂರ ಪಕ್ಕಕ್ಕೆ ಬಂದು ಮಲಗಿದಿರಿ. ದೊಡ್ಡದೊಡ್ಡವರೆಲ್ಲ ವರದಿ ಬರೆದರು, ವಾದ ಮಾಡಿದರು. ಬೀದಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅದಕ್ಕೇ ಇವತ್ತಿಗೂ ನಮಗೆ ಕಾಯಿಲೆ ಬಂದರೆ ಬಳ್ಳಾರಿ, ಕೇಸು ಬಿದ್ದರೆ ಅನಂತಪುರ. ಅನಂತಪುರ ಬಳ್ಳಾರಿಗಿಂತ ಹೆಚ್ಚುಕಡಿಮೆ ಎರಡರಷ್ಟು ದೂರ. ಹಾಗಾಗಿ ರಾಯದುರ್ಗದವರು ಆದಷ್ಟು ಜಗಳವಾಡದೆ, ಬೇಕಾದರೆ ಜ್ವರ ಹಿಡಿದು ಮಲಗುತ್ತಾರೆ.

ನಮ್ಮ ಸಂತೆಯನ್ನು ತಾವು ಬಂದು ನೋಡಬೇಕು. ಗಿರಾಕಿ ಕನ್ನಡದಲ್ಲಿ ಕೇಳುತ್ತಾನೆ, ಅಂಗಡಿಯಾಕೆ ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ, ಗಿರಾಕಿ ತೆಲುಗಿಗೆ ಇಳಿದು ಚೌಕಾಸಿ ಮಾಡುತ್ತಾನೆ, ಆಕೆ ಕನ್ನಡಕ್ಕೆ ಹತ್ತಿ ನಿರಾಕರಿಸುತ್ತಾಳೆ. "ಹದಿನೈದಕ್ಕ ಹಾಕಬೇ ಯಕ್ಕಾ" ಎಂದರೆ "ಗಿಟ್ಟಂಗಿಲ್ಲಣ್ಣಾ, ಬೇಕಾದ್ರೆ ಮುಂದಲ ಗಾಡ್ಯಾಗ ಕೇಳು" ಎನ್ನುತ್ತಾಳೆ. ಮುಂದಿನ ಗಾಡಿ ಆಕೆಯ ಗಂಡನದು. ಹೀಗೆ ಹತ್ತು ನಿಮಿಷದಲ್ಲಿ ಎರಡು ಭಾಷೆಯನ್ನು ನಾಲ್ಕು ಸಲ ದಾಟಿ, ಕೊನೆಗೆ ಆಕೆ ಹೇಳಿದ ಬೆಲೆಗೇ ಟಮೋಟ ಕೊಂಡು, ಕರಿಬೇವು ಪುಕ್ಕಟೆ ಸಿಕ್ಕಿತೆಂದು ಗೆದ್ದವನ ಮುಖ ಹೊತ್ತು ಮನೆಗೆ ಬರುತ್ತೇವೆ. ದಾರಿಯಲ್ಲಿ ಉಗ್ಗಾಣಿ, ಬಜ್ಜಿ. ಬಜ್ಜಿಯೊಳಗಿನ ಮೆಣಸಿನಕಾಯಿ ಯಾವ ರಾಜ್ಯದ್ದಾದರೂ ಕಣ್ಣೀರು ಒಂದೇ ಬರುತ್ತದೆ.

ನಮ್ಮ ಬೋರ್ಡು ಬರೆಯುವ ಪೇಂಟರುಗಳ ಜಾಣತನವನ್ನೂ ತಮ್ಮ ಗಮನಕ್ಕೆ ತರಬೇಕು. ಎರಡೂ ಲಿಪಿ ಒಂದೇ ಬೇರಿನವು. ಅಕ್ಷರದ ಹೊಟ್ಟೆ ಹಾಗೇ ಬಿಟ್ಟು ತಲೆಕಟ್ಟಷ್ಟೇ ತಿದ್ದಿದರೆ ತೆಲುಗು ಬೋರ್ಡು ಮುಕ್ಕಾಲು ಪಾಲು ಕನ್ನಡವಾಗಿಬಿಡುತ್ತದೆ. ಕಚೇರಿಯವರು ಬಂದರೆ ತೆಲುಗು ಎಂದು ಓದಿಕೊಳ್ಳುತ್ತಾರೆ, ಬಳ್ಳಾರಿಯ ಬೀಗರು ಬಂದರೆ ಕನ್ನಡ ಎಂದು. ಬಣ್ಣದ ಖರ್ಚು ಒಂದೇ.

ಇನ್ನು ನಮ್ಮ ಊರಿಗೆ ಹೆಸರು ತಂದ ಜೀನ್ಸ್ ಪ್ಯಾಂಟು. ಓಣಿಗೊಂದು ಹೊಲಿಗೆ ಘಟಕ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಿಷನ್ನಿನ ಸದ್ದು. ಟಿವಿಎಸ್ ಎಕ್ಸೆಲ್ ಮೇಲೆ ಪ್ಯಾಂಟಿನ ಗಂಟುಗಳು ತಾವಾಗಿಯೇ ಓಡಾಡುತ್ತಿರುತ್ತವೆ. ನಡುವೆ ಎಲ್ಲೋ ಗಾಡಿ ಓಡಿಸುವವನೂ ಇರುತ್ತಾನೆಂದು ಕೇಳಿದ್ದೇನೆ. ಹೊಸಿಲಲ್ಲಿ ಕೂತ ಹೆಂಗಸರು ಧಾರಾವಾಹಿಯ ಅತ್ತೆಯನ್ನು ಬೈಯುತ್ತಾ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುತ್ತಾರೆ. ನೀಲಿ ದಾರದ ತುಣುಕು ಚರಂಡಿಯಲ್ಲಿ, ಮಕ್ಕಳ ತಲೆಯಲ್ಲಿ, ನನ್ನ ಚಹಾದಲ್ಲಿ. ನಮ್ಮ ಅಜ್ಜಿಯರು ಹರಿದ ಬಟ್ಟೆಗೆ ತೇಪೆ ಹಾಕಿ ಕೂಲಿಯಿಲ್ಲದೆ ಸತ್ತರು. ಅವರ ಮೊಮ್ಮಕ್ಕಳು ಹೊಚ್ಚ ಹೊಸ ಪ್ಯಾಂಟಿನ ಮೊಣಕಾಲನ್ನು ಉಜ್ಜಿ ಹರಿದು ದಿನಗೂಲಿ ಪಡೆಯುತ್ತಾರೆ. ಇದನ್ನು ಪ್ರಗತಿಯೆನ್ನದೆ ಇನ್ನೇನೆನ್ನಲಿ?

ಅಷ್ಟಾದರೂ ತಾವು ಇದ್ದೀರೆಂಬುದು ನಮಗೆ ಗೊತ್ತಾಗುವುದು ಜೇಬಿನಿಂದ. ಪೆಟ್ರೋಲು ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ತಮ್ಮ ಆಚೆ ಬದಿಯ ಬಂಕಿನವರು ಅದನ್ನು ಅಚ್ಚ ತೆಲುಗಿನಲ್ಲಿ ಬರೆದು ನಿಲ್ಲಿಸಿದ್ದಾರೆ; ಭಾಷಾ ಸೌಹಾರ್ದ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು. ನಮ್ಮವರು ಎರಡು ಲೀಟರ್ ಹಾಕಿಸಲು ಹೋಗಿ ಅರ್ಧ ಲೀಟರ್ ಸುಟ್ಟುಕೊಂಡು ಲಾಭದಲ್ಲಿ ಮರಳುತ್ತಾರೆ. ಹಾಗೆಯೇ 2019ರ ನಂತರ ಆಂಧ್ರ ಸರಕಾರ ಮದ್ಯದಂಗಡಿಗಳನ್ನು ತಾನೇ ನಡೆಸಿ ಬೆಲೆ ಏರಿಸಿದಾಗ, ಕರ್ನಾಟಕದ ಟೆಟ್ರಾ ಪ್ಯಾಕೆಟ್ಟು ತರಕಾರಿ ಚೀಲದ ತಳದಲ್ಲಿ ಟಮೋಟಕ್ಕಿಂತ ಸಭ್ಯವಾಗಿ ಕೂತು ತಮ್ಮನ್ನು ದಾಟಿ ಬರುತ್ತಿತ್ತು. ತಂದವರನ್ನು ಪೊಲೀಸರು ಹಿಡಿದಾಗ "ಔಷಧಿ ಸಾರ್" ಎಂದ ಮಹಾನುಭಾವರೂ ಇದ್ದಾರೆ. 2024ರ ಅಕ್ಟೋಬರಿನಲ್ಲಿ ಖಾಸಗಿ ಅಂಗಡಿಗಳು ಮತ್ತೆ ತೆರೆದ ಮೇಲೆ ಈ ಸಾಂಸ್ಕೃತಿಕ ವಿನಿಮಯ ಸೊರಗಿದೆ.

ಮಡಕಶಿರಾಕ್ಕೆ ಬರೋಣ. ಅಲ್ಲಿ ತಾವು ಇನ್ನೂ ಹಳಬರು. ಬ್ರಿಟಿಷರ ಮದರಾಸು ಪ್ರಾಂತಕ್ಕೂ ಮೈಸೂರು ಮಹಾರಾಜರಿಗೂ ನಡುವೆ ಮಲಗಿದ್ದವರು. ಈಗ ಮಡಕಶಿರಾವನ್ನು ಮೂರು ಕಡೆಯಿಂದ ಕರ್ನಾಟಕ ಸುತ್ತುವರಿದಿದೆ, ಪಕ್ಕದ ಪಾವಗಡವನ್ನು ಹೆಚ್ಚುಕಡಿಮೆ ಪೂರ್ತಿ ಆಂಧ್ರ ಸುತ್ತುವರಿದಿದೆ. ಮುತ್ತಿಗೆ ಹಾಕಿದವರು ಯಾರು, ಸಿಕ್ಕಿಬಿದ್ದವರು ಯಾರು ಎಂದು ಅಲ್ಲಿನ ಚಹಾದಂಗಡಿಯಲ್ಲಿ ಕೇಳಿದೆ. "ಸಕ್ಕರೆ ಕಮ್ಮೀನಾ ಸಾರ್?" ಎಂದು ಉತ್ತರ ಬಂತು. ಅಮರಾಪುರಂ ಮಂಡಲದ ಹೇಮಾವತಿಯೇ ಹಿಂದಿನ ಹೆಂಜೇರು; ನೊಳಂಬರು ಅಲ್ಲಿ ಕೂತು ನೊಳಂಬವಾಡಿ 32000 ಆಳುವಾಗ ತಮ್ಮ ಸುಳಿವೇ ಇರಲಿಲ್ಲ. ಆ ಊರಿನ ಶಾಸನದ ಕನ್ನಡ ಕಲ್ಲಿನಲ್ಲಿದೆ, ಬಾಯಿಯ ಕನ್ನಡ ಬಸ್‌ಸ್ಟ್ಯಾಂಡಿನಲ್ಲಿದೆ. ಆಟೋಗಳ ಬೆನ್ನ ಮೇಲೆ ಒಂದು ಬದಿಗೆ ಕನ್ನಡ ಸಿನಿಮಾದ ಅಪ್ಪು ನಗುತ್ತಾರೆ, ಇನ್ನೊಂದು ಬದಿಗೆ ತೆಲುಗು ಸಿನಿಮಾದ ಬಾಲಯ್ಯ ತೊಡೆ ತಟ್ಟುತ್ತಾರೆ. ಆಟೋದ ಬಾಡಿಗೆ ಇಬ್ಬರ ಅಭಿಮಾನಿಗಳಿಗೂ ಒಂದೇ.

2022ರ ಏಪ್ರಿಲ್ 4ರಂದು ಮಡಕಶಿರಾವನ್ನು ಅನಂತಪುರದಿಂದ ಕಿತ್ತು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ನನಗೂ ಬೀಗರಿಗೂ ನಡುವೆ ಹೀಗೆ ತಮ್ಮದೊಂದು ಮರಿ ಹುಟ್ಟಿತು. ಬೀಗರ ಅಂಗಡಿಯ ಬೋರ್ಡಿನಲ್ಲಿ ಇನ್ನೂ ಅನಂತಪುರ ಜಿಲ್ಲೆಯೇ ಇದೆ. "ಮತ್ತೆ ಬದಲಾಯಿಸ್ತಾರೆ, ಅಲ್ಲೀತನಕ ಬಣ್ಣ ಯಾಕೆ ದಂಡ?" ಎನ್ನುತ್ತಾರೆ. ರಾಜ್ಯಶಾಸ್ತ್ರದ ಇಷ್ಟು ಪಕ್ವ ಮಾತನ್ನು ನಾನು ಯಾವ ಪ್ರೊಫೆಸರ ಬಾಯಲ್ಲೂ ಕೇಳಿಲ್ಲ.

ಈ ಎರಡೂ ಊರನ್ನು ಜೋಡಿಸಲು ರೈಲು ಬರುತ್ತದೆಂದು ಹೇಳಿದ್ದಾರೆ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಹಾದು ತುಮಕೂರಿಗೆ, ಒಟ್ಟು 207 ಕಿಲೋಮೀಟರ್. ಮಂಜೂರಾದದ್ದು 2007-08ರಲ್ಲಿ. ಹಳಿ ಕಲ್ಯಾಣದುರ್ಗ ದಾಟಿದೆ, ತುಮಕೂರು ಮುಟ್ಟಿಲ್ಲ. ಮಡಕಶಿರಾಕ್ಕೆ ರೈಲಿನಲ್ಲೇ ಹೋಗಿ ಮೊಮ್ಮಗನ ಜವಳ ಮಾಡಿಸಬೇಕೆಂದುಕೊಂಡಿದ್ದೆ. ಈಗ ಅವನೇ ಎರಡು ದಿನಕ್ಕೊಮ್ಮೆ ಗಡ್ಡ ಬೋಳಿಸಿಕೊಳ್ಳುತ್ತಾನೆ. ತಡಕ್ಕೆ ತಾವು ಕಾರಣರಲ್ಲದಿರಬಹುದು. ಆದರೆ ಈ ಹಳಿ ತಮ್ಮನ್ನು ಮತ್ತೆಮತ್ತೆ ದಾಟಬೇಕಾಗಿದೆಯೆಂಬುದನ್ನು ದಯವಿಟ್ಟು ನೆನಪಿಡಿ.

ನಗು ಸಾಕು, ಒಂದು ಮನವಿ ಇದೆ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ 'ಶಕ್ತಿ' ಎಂದು ಹೆಂಗಸರಿಗೆ ಬಸ್ಸು ಉಚಿತ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ 'ಸ್ತ್ರೀ ಶಕ್ತಿ' ಎಂದು ಉಚಿತ. ಎರಡು ಶಕ್ತಿಗಳ ನಡುವೆ ತಾವು. ನನ್ನ ಮಗಳ ಓರಗಿತ್ತಿಯ ತವರು ಮಧುಗಿರಿ. ಅವಳು ಶ್ರೀಕಾಕುಳದ ತನಕ ಹೋಗುತ್ತೇನೆಂದರೂ ಬಸ್ಸು ಬದಲಿಸುತ್ತಾ ಪುಕ್ಕಟೆ ಹೋಗಬಹುದು. ಶ್ರೀಕಾಕುಳದಲ್ಲಿ ಅವಳಿಗೆ ಯಾರೂ ಇಲ್ಲ. ಪಕ್ಕದ ಮಧುಗಿರಿಯಲ್ಲಿ ತಾಯಿ ಇದ್ದಾಳೆ, ಅಲ್ಲಿಗೆ ಟಿಕೆಟ್ಟು ತಗೋಬೇಕು, ಯಾಕೆಂದರೆ ಆಧಾರ್ ಕಾರ್ಡು ಆಂಧ್ರದ್ದು, ಬಸ್ಸು ಅಂತರರಾಜ್ಯದ್ದು.

ತಾವು ಎರಡೂ ಸರಕಾರಕ್ಕೆ ಹತ್ತಿರದವರು. ಯಾರ ಕಿವಿಗಾದರೂ ಒಂದು ಮಾತು ಹಾಕಿ ತವರಿಗೆ ಹೋಗುವ ಹೆಣ್ಣುಮಕ್ಕಳ ಟಿಕೆಟ್ಟನ್ನಷ್ಟು ಮಾಫಿ ಮಾಡಿಸಿಕೊಡಿ. ಗಂಡಸರಿಗೆ ಬೇಡ, ನಾವು ಪೆಟ್ರೋಲಿನಲ್ಲಿ ಉಳಿಸಿಕೊಂಡಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಾದಚಾರಿ
ರಾಯದುರ್ಗ, ಅನಂತಪುರ ಜಿಲ್ಲೆ (ಸದ್ಯಕ್ಕೆ)