ಪೆನ್ನು ಮುಟ್ಟದ ಮೇಷ್ಟ್ರು

ಮನೆಗೊಬ್ಬರಿಗೆ ತಾನು ಚೆನ್ನಾಗಿ ಬರೆಯುತ್ತೇನೆ ಎಂಬ ನಂಬಿಕೆ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರೋ ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಅದು ನಾನು. ಆಫೀಸಿನಲ್ಲಿ ಮೇಲಿನವರಿಗೆ ಹೋಗುತ್ತಿದ್ದ ಕಾಗದವೆಲ್ಲ ನನ್ನದೇ ಡ್ರಾಫ್ಟು. 'ವಿತ್ ರೆಫರೆನ್ಸ್ ಟು ದಿ ಸಬ್ಜೆಕ್ಟ್ ಸೈಟೆಡ್ ಅಬವ್' ಎಂದು ಹಿಡಿದರೆ 'ಡು ದಿ ನೀಡ್‌ಫುಲ್' ತನಕ ಉಸಿರು ಬಿಡುತ್ತಿರಲಿಲ್ಲ. ರಿಟೈರಾದ ಮೇಲೆ ಪೆನ್ಷನ್ ಬಂತು, ಡ್ರಾಫ್ಟ್ ಕೇಳುವವರು ಹೋದರು. ಚಟ ಬಿಡಬೇಕಲ್ಲ! ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಓಡಾಡುತ್ತೇನೆ. ನಾದಿನಿಯ ಮನೆ ಗೃಹಪ್ರವೇಶದ ಕರೆಯೋಲೆಯನ್ನು ತಿದ್ದಿ ಅವಳ ಕೈಗೇ ವಾಪಸ್ ಕೊಟ್ಟು ಬಂದವನು ನಾನು. ಊಟಕ್ಕೆ ಕೂತಾಗ ನನ್ನ ಎಲೆಗೆ ಹೋಳಿಗೆ ಬೀಳಲಿಲ್ಲ.

ಇಂಥವನ ಮಗಳು ಅಮೆರಿಕದಲ್ಲಿ ಎಂ.ಎಸ್. ಓದಲು ಹೋಗಿ, ಅಲ್ಲಿನ ವಿಶ್ವವಿದ್ಯಾಲಯದ ರೈಟಿಂಗ್ ಸೆಂಟರಿನಲ್ಲಿ ಟ್ಯೂಟರ್ ಆಗಿದ್ದೇನೆ ಎಂದು ಫೋನ್ ಮಾಡಿದರೆ ನನ್ನ ಸ್ಥಿತಿ ಏನಾಗಬೇಡ? ಸ್ಟೂಡೆಂಟ್ ವೀಸಾದವರು ಕ್ಲಾಸು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಇಪ್ಪತ್ತು ಗಂಟೆ ಬೇರೆಯವರ ಮಕ್ಕಳು ಕ್ಯಾಂಟೀನಿನಲ್ಲಿ ತಟ್ಟೆ ತೊಳೆದರೆ ನಮ್ಮವಳು ವಾಕ್ಯ ತೊಳೆಯುತ್ತಾಳೆ! ವಾಕಿಂಗ್ ಬಳಗಕ್ಕೆಲ್ಲ ಹೇಳಿಕೊಂಡು ಬಂದೆ. "ಅಮೆರಿಕದವರಿಗೇ ಇಂಗ್ಲಿಷ್ ತಿದ್ದಿಕೊಡ್ತಾಳೆ ಕಣ್ರೀ. ರಕ್ತದಲ್ಲಿ ಬಂದದ್ದು."

ಡಿಸೆಂಬರಿನ ರಜೆಗೆ ಬಂದವಳು ಮೊದಲು ಮಾಡಿದ ಕೆಲಸ ನನ್ನ ಮಾನ ಕಳೆದದ್ದು. "ಅಪ್ಪಾ, ನಾವು ತಿದ್ದಲ್ಲ."

"ಮತ್ತೆ?"

"ಕೇಳ್ತೀವಿ."

ವಿದ್ಯಾರ್ಥಿ ತನ್ನ ಪ್ರಬಂಧ ಹಿಡಿದುಕೊಂಡು ಬರುತ್ತಾನಂತೆ. ನಾಳೆ ಬೆಳಿಗ್ಗೆ ಸಲ್ಲಿಸಬೇಕಾದದ್ದನ್ನು ಇವತ್ತು ಸಂಜೆ ತರುತ್ತಾನಂತೆ. ಈ ವಿಷಯದಲ್ಲಿ ದೇಶ ಭಾಷೆಗಳ ಭೇದ ಇಲ್ಲ ಎಂದು ಕೇಳಿ ಸಮಾಧಾನವಾಯಿತು. ಇವಳು ಪಕ್ಕದಲ್ಲಿ ಕೂತು ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸುತ್ತಾಳೆ. ನೀನು ಹೇಳಬೇಕೆಂದಿರುವುದು ಏನು, ಇದಕ್ಕೆ ಆಧಾರ ಎಲ್ಲಿದೆ, ಓದುವವರಿಗೆ ಇದು ಯಾಕೆ ಬೇಕು, ಇಷ್ಟೇ ಕೇಳುವುದು. ಮೊದಲು ವಾದ, ಜೋಡಣೆ. ಕಾಗುಣಿತ, ಕಾಮಾಗಳ ಸರದಿ ಕೊನೆಗೆ. ಹಾಳೆ ಅವನಿಗೆ ಹತ್ತಿರ ಇರಬೇಕು, ಇವಳಿಗೆ ದೂರ. ಇವಳು ಪೆನ್ನು ಮುಟ್ಟುವುದೇ ಇಲ್ಲ!

"ಪೆನ್ನೇ ಮುಟ್ಟದೆ ಇದ್ರೆ ಸಂಬಳ ಯಾತಕ್ಕಮ್ಮ?" ಅಂದೆ. ನನ್ನವಳು ಅಡುಗೆಮನೆಯಿಂದಲೇ, "ನಿಮಗೆ ಕೊಡ್ತಿರಲಿಲ್ವೆ?" ಅಂದಳು.

ಇದಕ್ಕೆಲ್ಲ ಶಾಸ್ತ್ರವೇ ಇದೆಯಂತೆ. ಸ್ಟೀಫನ್ ನಾರ್ತ್ ಎಂಬ ಪ್ರೊಫೆಸರು 1984ರಲ್ಲೇ ಒಂದು ಲೇಖನ ಬರೆದು ಸಹೋದ್ಯೋಗಿಗಳ ಮೇಲೆ ಹರಿಹಾಯ್ದಿದ್ದಾರೆ. ರೈಟಿಂಗ್ ಸೆಂಟರು ಎಂದರೆ ಕೆಟ್ಟ ಪ್ರಬಂಧ ಬಿಟ್ಟು ರಿಪೇರಿಯಾದದ್ದನ್ನು ಒಯ್ಯುವ ಅಂಗಡಿಯಲ್ಲ, ರಿಪೇರಿ ಆಗಬೇಕಾದವನು ಬರೆಯುವವನು ಎಂಬುದು ಅದರ ಸಾರ. 1991ರಲ್ಲಿ ಜೆಫ್ ಬ್ರೂಕ್ಸ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸವೆಲ್ಲ ವಿದ್ಯಾರ್ಥಿಯ ಕೈಯಲ್ಲೇ ಮಾಡಿಸಬೇಕು ಎಂದರು. ನೀವೇ ತಿದ್ದಿಕೊಡಿ ಎಂದು ಅವನು ಪಟ್ಟು ಹಿಡಿದರೆ ಟ್ಯೂಟರು ಏನು ಮಾಡಬೇಕು ಗೊತ್ತೇ? ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಾಳೆಯಿಂದ ದೂರ ಸರಿಯಬೇಕು.

"ಇದನ್ನ ಕಲಿಯೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಅಂದಳು ನನ್ನವಳು. "ಮದುವೆಯಾದಾಗಿನಿಂದ ಈ ಮನೇಲಿ ಯಾವ ಕೆಲಸ ಬಂದ್ರೂ ನಿಮ್ಮಪ್ಪ ಮಾಡ್ತಿರೋದು ಅದನ್ನೇ."

ಅಪ್ಪನಾದವನು ಹೀಗೆ ಸೋಲಬಾರದು. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ, 1995ರಲ್ಲಿ ಲಿಂಡಾ ಶಮೂನ್ ಮತ್ತು ಡೆಬೊರಾ ಬರ್ನ್ಸ್ ಎಂಬಿಬ್ಬರು ಇದೇ ಪದ್ಧತಿಯನ್ನು ತರಾಟೆಗೆ ತೆಗೆದುಕೊಂಡದ್ದು ಪತ್ತೆ ಮಾಡಿದೆ. ಸಂಗೀತದ ಗುರು ಶಿಷ್ಯನ ಮುಂದೆ ತಾನೇ ನುಡಿಸಿ ತೋರಿಸುವುದಿಲ್ಲವೇ, ಹಾಗೆ ಕೆಲವು ಸಲ ನೇರವಾಗಿ ಹೇಳಿಕೊಡುವುದೇ ಸರಿ ಎಂಬುದು ಅವರ ಪಕ್ಷ. ಬೆಳಿಗ್ಗೆ ಕಾಫಿಯ ಜೊತೆ ಇದನ್ನು ಮಗಳ ಮುಂದಿಟ್ಟೆ. ಓದಿ, "ಕರೆಕ್ಟೇ ಅಪ್ಪಾ" ಅಂದಳು. ಮೀಸೆ ಮೇಲೆ ಕೈ ಹೋಯಿತು. "ಆದ್ರೆ ಅಲ್ಲಿ ನುಡಿಸಿ ತೋರಿಸೋರಿಗೆ ಸಂಗೀತ ಬರುತ್ತೆ." ಕೈ ಕೆಳಗಿಳಿಯಿತು.

ಆಮೇಲೆ ಮನೆಯೇ ರೈಟಿಂಗ್ ಸೆಂಟರಾಯಿತು. ಸಾರಿಗೆ ಉಪ್ಪು ಕಮ್ಮಿ ಎಂದರೆ "ನಿಮ್ಮ ಮುಖ್ಯ ವಾದ ಅದೇನಾ, ಇಲ್ಲಾ ಹಪ್ಪಳ ಇಲ್ಲ ಅನ್ನೋದಾ?" ಎಂದು ನನ್ನವಳು ಕೇಳುತ್ತಾಳೆ. "ಲೋಟ ಒಡೆದುಹೋಯ್ತು" ಎಂದು ಬಂದು ನಿಂತರೆ ತಾಯಿ ಮಗಳು ಒಟ್ಟಿಗೇ "ಕರ್ತೃ ಎಲ್ಲಿ?" ಅನ್ನುತ್ತಾರೆ. ಗಂಡಸರು ತಲೆತಲಾಂತರದಿಂದ ಕರ್ತೃವಿಲ್ಲದ ವಾಕ್ಯಗಳ ನೆರಳಲ್ಲಿ ಬದುಕಿಕೊಂಡು ಬಂದಿದ್ದೇವೆ. ಕರೆಂಟ್ ಬಿಲ್ಲು ಉಳಿದುಹೋಗಿರುತ್ತದೆ, ಗೀಸರು ಆಫ್ ಆಗಿರುವುದಿಲ್ಲ, ಹಾಲು ಉಕ್ಕಿರುತ್ತದೆ. ಅದಕ್ಕೂ ಕಲ್ಲು ಬಿತ್ತು.

ಬೀದಿದೀಪ ಉರಿಯುತ್ತಿಲ್ಲವೆಂದು ಸಂಬಂಧಪಟ್ಟವರಿಗೆ ನಾನೊಂದು ಮನವಿ ಬರೆದಿದ್ದೆ. ಗಟ್ಟಿಯಾಗಿ ಓದಿ ಎಂದಳು ಮಗಳು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. ಬೆಳಕಿನ ಮಹತ್ವ, ನಾಗರಿಕತೆಯ ಉದಯ, ನನ್ನ ಸೇವಾವಧಿ ಎಲ್ಲ ಅದರಲ್ಲಿ ಬಂದಿದ್ದವು. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನೆಲ ಒರೆಸುತ್ತಿದ್ದ ಕೆಲಸದಾಕೆ ಬಕೆಟ್ ಎತ್ತಿಕೊಂಡು, "ಅಮ್ಮಾ, ಸಾರ್ ಏನು ಕೇಳ್ತಾವ್ರೆ?" ಅಂದಳು. ಮಗಳು ಖುಷಿಯಿಂದ ಕೈತಟ್ಟಿದಳು. ಅವರ ಸೆಂಟರಿನಲ್ಲಿದ್ದಿದ್ದರೆ ಕೆಲಸದಾಕೆಗೆ ಪ್ರಮೋಷನ್ ಸಿಗುತ್ತಿತ್ತಂತೆ.

ಅದಾದ ಮೇಲೆ ಒಂದು ದಿನ ಎದುರುಮನೆ ಹುಡುಗ ಬಂದ. ಪಿಎಚ್‌.ಡಿ. ಥೀಸಿಸ್ಸು, ಗ್ರಾಮೀಣ ಸ್ವಸಹಾಯ ಸಂಘಗಳ ಮೇಲೆ, ಇಂಗ್ಲಿಷಿನಲ್ಲಿ. ಸಾಫ್ಟ್‌ವೇರಿಗೆ ಹಾಕಿದರೆ 34 ಪರ್ಸೆಂಟ್ ಬೇರೆಯವರ ಬರಹಕ್ಕೆ ಹೋಲುತ್ತದೆ ಎಂದು ಬಂದಿದೆ. ಯುಜಿಸಿಯ 2018ರ ನಿಯಮದ ಪ್ರಕಾರ 10 ಪರ್ಸೆಂಟಿನ ತನಕ ದಂಡನೆ ಇಲ್ಲ. ಅದರಿಂದ 40ರ ತನಕ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಮಗಳು ಅವರಮ್ಮನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದಳು. ದೇವರು ಕೊಟ್ಟ ಅವಕಾಶ ಎಂದುಕೊಂಡೆ.

"ಬಿಟ್ಟು ಹೋಗಪ್ಪ, ನಾಳೆ ಹೊತ್ತಿಗೆ ಹೊಸ ಜನ್ಮ ಕೊಟ್ಟಿರ್ತೀನಿ."

ಕೆಂಪು ಪೆನ್ನು, ಡಿಕ್ಷನರಿ ಹಿಡಿದು ಕೂತೆ. ಹೋಲಿಕೆ ತಪ್ಪಬೇಕಾದರೆ ಪದ ಬದಲಾಗಬೇಕು, ಅಷ್ಟೇ ತಾನೇ? ಕಂಡ ಪದವನ್ನೆಲ್ಲ ಬದಲಾಯಿಸಿದೆ. 'ಸೆಲ್ಫ್ ಹೆಲ್ಪ್ ಗ್ರೂಪ್' ಹೋಗಿ 'ಪರ್ಸನಲ್ ಅಸಿಸ್ಟೆನ್ಸ್ ಕ್ರೌಡ್' ಆಯಿತು. 'ರೂರಲ್ ವಿಮೆನ್' ಹೋಗಿ 'ಕಂಟ್ರಿ ಲೇಡೀಸ್' ಬಂದರು. ಹುಡುಗ ಪಾಪ ನಂಬಿ, ಅಧ್ಯಾಯವನ್ನು ಹಾಗೆಯೇ ಟೈಪ್ ಮಾಡಿ ಗೈಡಿಗೆ ಕಳಿಸಿದ. ಗೈಡು ಫೋನ್ ಮಾಡಿ, ಈ ಕಂಟ್ರಿ ಲೇಡೀಸ್ ಯಾವ ದೇಶದವರು ಎಂದು ವಿಚಾರಿಸಿದರಂತೆ. ಮಗಳು ಒಂದು ಮಾತೂ ಆಡಲಿಲ್ಲ. ನನ್ನ ಜೇಬಿಗೆ ಕೈ ಹಾಕಿ ಪೆನ್ನು ತೆಗೆದು ಅವರಮ್ಮನ ಕೈಗೆ ಕೊಟ್ಟಳು. ಅದು ಬೀರುವಿನಲ್ಲಿ ಒಡವೆಗಳ ಪಕ್ಕ ಕೂತಿತು.

ಮಗಳು ಹುಡುಗನ ಜೊತೆ ಕೂತು ದಾರಿ ತೋರಿಸಿದಳು. ಮೂಲ ಪುಸ್ತಕ ಮುಚ್ಚಿಟ್ಟು, ಅರ್ಥವಾದದ್ದನ್ನು ಯಾರಿಗಾದರೂ ಬಾಯಲ್ಲಿ ಹೇಳು, ಹೇಳಿದ್ದನ್ನೇ ಬರಿ, ಎಲ್ಲಿಂದ ಬಂತೋ ಅದನ್ನು ನಮೂದಿಸು. ಸಂಕ್ರಾಂತಿಗೆ ಮೊದಲೇ ಅವಳ ರಜೆ ಮುಗಿದು ವಿಮಾನ ಹತ್ತಿದಳು. ಇನ್ನು ನಾನೇ ಎಂದು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾದೆ. ಹುಡುಗ ಬಂದ, "ನಮಸ್ಕಾರ ಅಂಕಲ್" ಅಂದ, ನನ್ನ ಪಕ್ಕದಿಂದಲೇ ಹಾದು ಸೀದಾ ಒಳಗೆ ಹೋದ.

ಒಳಗೆ ನನ್ನವಳು ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಳು. ಎರಡೂ ಕೈ ಒದ್ದೆ. ಪೆನ್ನು ಹಿಡಿಯುವ ಮಾತೇ ಇಲ್ಲ, ಥೀಸಿಸ್ಸಿನ ಹಾಳೆ ಹತ್ತಿರ ತರಕೂಡದು ಎಂದು ಅವಳದೇ ಆಜ್ಞೆ. ಅವನು ಹೇಳುತ್ತಾನೆ, ಇವಳು "ಹಂಗಂದ್ರೇನಪ್ಪಾ?" ಅನ್ನುತ್ತಾಳೆ. ಅವನು ಬಿಡಿಸಿ ಹೇಳುತ್ತಾನೆ, "ಆ ಹೆಂಗಸರು ಸಾಲ ತೀರಿಸಿದ್ರು ಅಂತ ನಿಂಗ್ಯಾರು ಹೇಳಿದ್ರು?" ಅನ್ನುತ್ತಾಳೆ. ಅವನು ತಲೆ ಕೆರೆದುಕೊಂಡು ಪುಸ್ತಕ ತಿರುವಿ, ಬರೆದುಕೊಳ್ಳುತ್ತಾನೆ. "ಇದನ್ನ ಆಗಲೇ ಹೇಳ್ದಲ್ಲೋ" ಎಂದರೆ ಒಂದು ಪ್ಯಾರಾ ಹೊಡೆದುಹಾಕುತ್ತಾನೆ. ಜೆಫ್ ಬ್ರೂಕ್ಸ್ ಬಂದು ನೋಡಿದ್ದರೆ ಒಂದು ಬಟ್ಟಲು ಹಿದುಕವರೆ ಸಾರು ಕುಡಿದು, ಶಿಷ್ಯನಾಗಿ ಸೇರಿಕೊಂಡು ಹೋಗುತ್ತಿದ್ದರು. ನಡುವೆ ನಾನೊಂದು ಸಲಹೆ ಕೊಡಲು ಬಾಗಿಲಿಗೆ ಹೋದೆ. "ರೀ, ಬಂದ್ರಲ್ಲ, ಒಂದೆರಡು ಲೋಟ ಕಾಫಿ ಬೆರೆಸಿ ತನ್ನಿ" ಎಂದಳು. ಆ ಸೀಸನ್ ಮುಗಿಯುವ ತನಕ ಅದೇ ನನ್ನ ಹುದ್ದೆ.

ಹೋಲಿಕೆ ಹತ್ತರೊಳಕ್ಕೆ ಇಳಿಯಿತು, ವೈವಾ ಆಯಿತು, ಹುಡುಗ ಡಾಕ್ಟರಾದ. ರಟ್ಟು ಹಾಕಿದ ಪ್ರತಿ ತಂದು ತೋರಿಸಿದ. ಬೇರೆಲ್ಲ ಬಿಟ್ಟು ಕೃತಜ್ಞತೆಯ ಪುಟವನ್ನೇ ಮೊದಲು ತೆರೆದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ನನ್ನವಳಿಗೆ ಒಂದು ಇಡೀ ಪ್ಯಾರಾ. ಮಗಳಿಗೆ ಎರಡು ಸಾಲು. ಎಲ್ಲರ ಕೆಳಗೆ, ಸಮಯಕ್ಕೆ ಸರಿಯಾಗಿ ಕಾಫಿ ಒದಗಿಸಿದ ಅಂಕಲ್ ಎಂದು ನಾನು. ಇನಿಷಿಯಲ್ ಬೇರೆ ತಪ್ಪು.

"ತಿದ್ದಬಹುದೇನಪ್ಪ?" ಅಂದೆ.

"ಆಗಲೇ ಶೋಧಗಂಗಾಕ್ಕೆ ಹೋಗಿದೆ ಅಂಕಲ್" ಅಂದ. ದೇಶದ ಥೀಸಿಸ್ಸುಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರು ಅಲ್ಲಿ ಇಡುತ್ತಾರೆ, ಯಾರು ಬೇಕಾದರೂ ತೆರೆದು ಓದಬಹುದು. ವಾಕಿಂಗ್ ಬಳಗದವರು ಆಗಲೇ ಓದಿದ್ದಾರೆ.