ಒಂದು ಸೀರೆ ಉದ್ದದ ಹಾಲ್

ಹತ್ತೊಂಬತ್ತು ವರ್ಷದಲ್ಲಿ ಚಳ್ಳಕೆರೆಯ ಐದು ಬಾಡಿಗೆ ಮನೆಗಳಿಗೆ ಮೊಳೆ ಹೊಡೆದು, ಮಾಲೀಕರಿಂದ ಬೈಸಿಕೊಂಡು, ಮೊಳೆ ಕಿತ್ತು ಬಂದ ಮೇಲೆ, ಇನ್ನು ಸ್ವಂತದ್ದೊಂದು ನೋಡೋಣ ಎಂಬ ಮಾತು ನನ್ನ ಬಾಯಿಂದಲೇ ಬಂತು. ಊಟದ ಹೊತ್ತಿನಲ್ಲಿ ಆಡಿದ ಮಾತು. ಕೈ ತೊಳೆದು ಬರುವಷ್ಟರಲ್ಲಿ ನಾಲ್ಕು ಜನಕ್ಕೆ ನಾಲ್ಕು ಮನೆ ಎದ್ದು ನಿಂತಿದ್ದವು, ಗೃಹಪ್ರವೇಶಕ್ಕೆ ಯಾರನ್ನು ಕರೆಯಬಾರದು ಎಂಬ ಪಟ್ಟಿ ಸಮೇತ.

ನನ್ನ ಶಾಲೆ ತಳುಕಿನ ಆಚೆಯ ಒಂದು ಹಳ್ಳಿಯಲ್ಲಿ. ಮನೆ ಚಳ್ಳಕೆರೆಯಲ್ಲಾದರೂ ಸರಿ, ಮೊಳಕಾಲ್ಮುರಿನಲ್ಲಾದರೂ ಸರಿ, ಬೆಳಿಗ್ಗೆ ರಸ್ತೆಯ ಯಾವ ಮಗ್ಗುಲಲ್ಲಿ ನಿಂತು ಬಸ್ಸಿಗೆ ಕೈಯೊಡ್ಡಬೇಕು ಎಂಬುದಷ್ಟೇ ನನಗೆ ವ್ಯತ್ಯಾಸ. (ತಳುಕಿನವರೇ ಜಾಣರು. ತ.ಸು. ವೆಂಕಣ್ಣಯ್ಯನವರಿಂದ ತ.ರಾ.ಸು. ಅವರವರೆಗೆ ಊರನ್ನೇ ಇನಿಷಿಯಲ್ಲಿಗೆ ಸೇರಿಸಿಕೊಂಡುಬಿಟ್ಟರು. ಎಲ್ಲಿ ಬಾಡಿಗೆಗಿದ್ದರೂ ಊರು ಜೊತೆಗೇ ಇರುತ್ತದೆ.)

ಮೊದಲು ನೋಡಿದ್ದು ಚಳ್ಳಕೆರೆಯ ಹೊಸ ಬಡಾವಣೆಯೊಂದರಲ್ಲಿ, ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದ ಮನೆ. ದಲ್ಲಾಳಿ ಬೈಕಿನ ಸೀಟಿನ ಮೇಲೆ ನಕ್ಷೆ ಬಿಡಿಸಿದ. ಮೂರು ಬೆಡ್‌ರೂಮು, ಈಸ್ಟ್ ಫೇಸಿಂಗ್, ಓಪನ್ ಕಿಚನ್. ನಕ್ಷೆಯಲ್ಲಿ ಎಲ್ಲವೂ ಚಂದವೇ. ಮಂಚಗಳು ಬೆಂಕಿಪೊಟ್ಟಣದಷ್ಟು, ಸೋಫಾ ಹುಣಸೆಬೀಜದಷ್ಟು. ನಡುವೆ ಬೇಕಾದಷ್ಟು ಬಿಳಿ ಜಾಗ. ಆ ಬಿಳಿ ಜಾಗದಲ್ಲೇ ನಾವು ನಾಲ್ವರು ಓಡಾಡಿಕೊಂಡಿರುತ್ತೇವೆ ಎಂದು ನಾನು ಲೆಕ್ಕ ಹಾಕಿದೆ.

ನನ್ನ ಹೆಂಡತಿ ಮೊಳಕಾಲ್ಮುರಿನ ನೇಕಾರರ ಮನೆಯ ಮಗಳು. ಅಡಿ, ಚದರ ಎಂದರೆ ಅವಳಿಗೆ ತಲೆಗೆ ಹೋಗುವುದಿಲ್ಲ. ಅವಳ ಅಳತೆ ಸೀರೆ. ರವಿಕೆ ಕಣ ಬಿಟ್ಟು 5.5 ಮೀಟರ್, ಅಂದರೆ 18 ಅಡಿ. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಒಮ್ಮೆ ಕಣ್ಣಾಡಿಸಿ, "ಸೆರಗು ಹೊರಗೇ ಉಳೀತೈತೆ" ಎಂದಳು. ದಲ್ಲಾಳಿ ನನ್ನ ಮುಖ ನೋಡಿದ. ನಾನು ಟೇಪು ಹಿಡಿದೆ. 16 ಅಡಿ. ಎರಡಡಿ ಸೆರಗು ನಿಜವಾಗಿಯೂ ಬೀದಿಯಲ್ಲಿತ್ತು.

ಹತ್ತಕ್ಕೆ ಹತ್ತರ ಬೆಡ್‌ರೂಮಿನ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಜೋಡಿಮಂಚ ಅಡ್ಡಕ್ಕೆ ಆರಡಿ ತಿನ್ನುತ್ತದೆ. ಉಳಿದ ನಾಲ್ಕರಲ್ಲಿ ಬೀರುವಿಗೆ ಒಂದೂವರೆ. ಮಿಕ್ಕ ಎರಡೂವರೆ ಅಡಿಯಲ್ಲಿ ಮೂರಡಿಯ ಬಾಗಿಲು ಒಳಕ್ಕೆ ತೆರೆಯಬೇಕು! ಬೀರು ತೆರೆದವರು ಒಳಗೇ, ಬಾಗಿಲು ತೆರೆಯಬಂದವರು ಹೊರಗೇ. ಇಪ್ಪತ್ತನಾಲ್ಕು ವರ್ಷದ ದಾಂಪತ್ಯಕ್ಕೆ ಇಂಥದ್ದೊಂದು ಏರ್ಪಾಡು ಒಳ್ಳೆಯದೇ ಎಂದು ನನಗೆ ಅನ್ನಿಸಿದ್ದನ್ನು ಅಲ್ಲಿ ಹೇಳಲಿಲ್ಲ.

ಅಷ್ಟರಲ್ಲಿ ಅಮ್ಮ ಎಲ್ಲ ಕೋಣೆಗಳಿಗೂ ಇಣುಕಿ ಬಂದು, "ಶೇಂಗಾ ಚೀಲ ಎಲ್ಲಿ ಇಡೋದು?" ಎಂದಳು. ಊರಿನ ಹೊಲ ಕೋರಿಗೆ ಹಾಕಿದ್ದೇವೆ. ಮಳೆ ಮನಸ್ಸು ಮಾಡಿದ ವರ್ಷ ಪಾಲಿಗೆ ಹತ್ತೋ ಹನ್ನೆರಡೋ ಚೀಲ ಬರುತ್ತವೆ, ಮನಸ್ಸು ಮಾಡದ ವರ್ಷ ಖಾಲಿ ಚೀಲಗಳೇ ಬರುತ್ತವೆ. ಅವಕ್ಕೂ ಜಾಗ ಬೇಕು. "ಈಗ ಯಾರಜ್ಜಿ ಮನೇಲಿ ಚೀಲ ಇಡ್ತಾರೆ?" ಎಂದು ದಲ್ಲಾಳಿ ನಕ್ಕ. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರಿನಲ್ಲಿ, ಮುಂಬೈ ಬಿಟ್ಟರೆ ನಾವೇ ಎಂದು ಎದೆ ತಟ್ಟಿಕೊಂಡ ಎಣ್ಣೆ ನಗರದಲ್ಲಿ ನಿಂತು ಹೀಗೆ ಕೇಳುವುದೆಂದರೆ! ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಓಪನ್ ಕಿಚನ್ನನ್ನು ತಿರಸ್ಕರಿಸಿದ್ದು ಮಗಳು. ಅವಳ ಕಂಪನಿ ಬೆಂಗಳೂರಿನಲ್ಲಿ, ಅವಳು ನಮ್ಮಲ್ಲಿ. ದಿನಕ್ಕೆ ನಾಲ್ಕು ಮೀಟಿಂಗು. ಹಾಲಿನಲ್ಲಿ ಅವಳು ಲ್ಯಾಪ್‌ಟಾಪಿನ ಮುಂದೆ, ಹತ್ತು ಹೆಜ್ಜೆ ಆಚೆ ಅವಳಮ್ಮ ಮಂಡಕ್ಕಿಗೆ ಹಸಿಮೆಣಸಿನಕಾಯಿ ಒಗ್ಗರಣೆ ಕೊಡುತ್ತಿದ್ದರೆ, ಈ ಕಡೆಯ ಕೆಮ್ಮು ಆ ಕಡೆ ಏಳೂರಿಗೆ ಕೇಳುತ್ತದೆ. ಗೋಡೆಯೆಂಬುದನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿರಲಿಲ್ಲ.

ನಾನು ಕೇಳಿದ್ದು ಒಂದೇ: ಸಂಪು ಎಷ್ಟು ಲೀಟರಿನದು? ಮಾರಿಕಣಿವೆ ಜಲಾಶಯದ ನೀರು ನಲ್ಲಿಗೆ ಬರುವ ದಿನ ಹಬ್ಬ; ಬಾರದ ದಿನಗಳಿಗೆ ಸಂಪೇ ದೇವರು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಮನೆ ಕೊಳ್ಳುವವನು ಬೆಡ್‌ರೂಮು ಎಣಿಸುವ ಮೊದಲು ನೆಲದಡಿ ಇಣುಕಬೇಕು. ದಲ್ಲಾಳಿ ಇದಕ್ಕೆ ಉತ್ತರ ಕೊಡದೆ ವಾಸ್ತು ಶುರು ಮಾಡಿದ. ಪೂರ್ವದ ಬಾಗಿಲು ಸಾರ್, ನೂರಕ್ಕೆ ನೂರು.

ಪೂರ್ವದ ಬಾಗಿಲಿನ ವಿಚಾರದಲ್ಲಿ ನನಗೊಂದು ಅಳುಕಿದೆ. ಪ್ರತಿವರ್ಷ ಶಾಲೆಯ ಮಕ್ಕಳನ್ನು ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತೇನೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಶಿಲಾಯುಗದವರ ನೆಲೆಯ ಜೊತೆಗೆ ಕಲ್ಲುಗೋರಿಗಳೂ ಸಿಕ್ಕವು. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳ, ಪೂರ್ವದ ಚಪ್ಪಡಿಗೆ ದುಂಡನೆಯ ಕಿಂಡಿ. ಅಪ್ಪಟ ಈಸ್ಟ್ ಫೇಸಿಂಗ್. ಒಳಗಿದ್ದವರಿಗೆ ಅದರಿಂದ ಏನು ಏಳಿಗೆಯಾಯಿತೋ ತಿಳಿಯದು.

ಅದೇ ಬ್ರಹ್ಮಗಿರಿ ನನಗೆ ಇನ್ನೊಂದು ರೀತಿಯಲ್ಲೂ ಮುಳುವಾಯಿತು. 1892ರಲ್ಲಿ ಬಿ.ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನದಲ್ಲಿ, ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಹೇಳಿ ಕಳಿಸಿದ ಮಾತುಗಳ ನಡುವೆ, ತಾಯಿತಂದೆಯರ ಮಾತು ಕೇಳಬೇಕು ಎಂಬುದೂ ಇದೆ. ಇದನ್ನು ಒಮ್ಮೆ ಮೇಷ್ಟ್ರುತನದ ಹುಮ್ಮಸ್ಸಿನಲ್ಲಿ ಅಮ್ಮನಿಗೆ ವಿವರಿಸಿದ್ದೆ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತೆಂದರೂ, "ಕಲ್ಲಿನ ಮ್ಯಾಲೇ ಬರೆದೈತಂತಲ್ಲಪ್ಪ" ಎಂಬ ಉತ್ತರ ಬರುತ್ತದೆ.

ಹೀಗಾಗಿ ಅಮ್ಮನ ಪರೀಕ್ಷೆಯೇ ಕೊನೆಯ ಪರೀಕ್ಷೆ. ಯಾವ ಮನೆಗೆ ಹೋದರೂ ಅವಳು ಬಾಗಿಲ ಮುಂದೆ ಕಾಲು ಚಾಚಿ ಕೂರುತ್ತಾಳೆ. ಹತ್ತು ನಿಮಿಷದೊಳಗೆ ದಾರಿಹೋಕರಾರಾದರೂ "ಯಾವೂರಮ್ಮ?" ಎಂದರೆ ಮನೆ ಪಾಸು. ಹೊಸ ಬಡಾವಣೆಯಲ್ಲಿ ಇಪ್ಪತ್ತು ನಿಮಿಷ ಕೂತಳು. ಮಾತಾಡಿಸಿದ್ದು ಒಂದು ನಾಯಿ.

ಎರಡನೆಯದು ಮೊಳಕಾಲ್ಮುರಿನ ಹಳೆಯ ಮಾಳಿಗೆಮನೆ. ಜಂತೆ, ತೊಲೆ, ಮೇಲೆ ಚೌಳು ಮಣ್ಣು. ಏಪ್ರಿಲ್ ಮಧ್ಯಾಹ್ನವೂ ಒಳಗೆ ಗಡಿಗೆಯ ನೀರಿನ ತಂಪು. ಗವಾಕ್ಷಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳು ಕುಣಿಯುತ್ತಿತ್ತು. ಮಳೆ ಬಂದರೆ ಮಾಳಿಗೆ ಹತ್ತಿ ಗವಾಕ್ಷಿಗೆ ತಗಡು ಮುಚ್ಚಬೇಕು ಎಂದರು ಮನೆಯವರು. ನಮ್ಮ ಕಡೆ ಅದೇನು ದಿನಾ ಮಾಡುವ ಕೆಲಸವಲ್ಲ. ನನಗೆ ಮನೆ ಹಿಡಿಸಿತು. ಆದರೆ ಐದಡಿಯ ಬಾಗಿಲುಗಳು ನನ್ನ ಹಣೆಗೆ ಮೂರು ಸಲ ಬಡಿದವು, ಬಚ್ಚಲು ಹಿತ್ತಲಿನ ಆ ತುದಿಯಲ್ಲಿತ್ತು, ಅಮ್ಮನ ಮೊಣಕಾಲು ಬೇಡ ಎಂದಿತು.

ಮೂರನೆಯದೂ ಮೊಳಕಾಲ್ಮುರಿನದೇ. ನೇಕಾರರ ಕೇರಿ, ಎತ್ತರದ ಸೂರು, ಮುಂದೆ ಕಲ್ಲಿನ ಜಗಲಿ. ಹಳೆಯ ಮನೆಗೆ ಹೊಸ ಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸು. "ಹಾಲ್ ನೋಡಿ, ಎಷ್ಟು ಕ್ಲಿಯರ್ ಆಗಿದೆ" ಎಂದ ದಲ್ಲಾಳಿ. ಹೆಂಡತಿ ಗೋಡೆಯಿಂದ ಗೋಡೆಗೆ ನೋಡಿದಳು. ಸೀರೆ ಸರಿಯಾಗಿ ಕೂತಿತು, ಸೆರಗಿನ ಕುಚ್ಚಿನ ಸಮೇತ.

ಆಮೇಲೆ ಅವಳು ಮಾಡಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಚಪ್ಪಲಿ ಬಿಟ್ಟು, ಕಿಟಕಿಯ ಬಳಿ ಹಿಮ್ಮಡಿಯಿಂದ ಟೈಲ್ಸನ್ನು ಕುಟ್ಟುತ್ತ ಹೊರಟಳು. ಠಣ್, ಠಣ್, ಠಣ್. ಕಿಟಕಿಯಿಂದ ಎರಡು ಹೆಜ್ಜೆ ಈಚೆ: ಡಬ್. ನಿಂತಳು. ಮತ್ತೊಮ್ಮೆ ಕುಟ್ಟಿದಳು. ಡಬ್. ತಲೆಯೆತ್ತಿ ತೊಲೆ ನೋಡಿದಳು. ಹೊಸ ಬಣ್ಣದಡಿಯಲ್ಲೂ ತೊಲೆಯ ಮೇಲೆ ಹಗ್ಗ ಸವೆಸಿದ ಎರಡು ಗೀರು ಕಾಣುತ್ತಿದ್ದವು. "ಇಲ್ಲಿ ಕುಣಿ ಇತ್ತು. ಅಲ್ಲಿ ಜಕಾರ್ಡ್" ಎಂದಳು.

ಮೂಲೆಯಲ್ಲಿ ಕೂತಿದ್ದ ಮನೆಯ ಮುದುಕರು ಮೊದಲ ಬಾರಿಗೆ ಬಾಯಿ ಬಿಟ್ಟರು. ಕುಣಿ ಮಗ್ಗವೇ. ಕೊಳ್ಳುವವರು ಕಾಲು ಸಿಕ್ಕಿಸಿಕೊಂಡಾರೆಂದು ಕಲ್ಲುಕಸ ತುಂಬಿ ಮುಚ್ಚಿಸಿದ್ದರಂತೆ. ನೇಯುವವರು ಕುಣಿಯ ಅಂಚಿನಲ್ಲಿ ಕೂತು ಕಾಲು ಕೆಳಗಿಳಿಸಿ ಹಲಗೆ ತುಳಿಯುವುದು, ನೆಲದ ತಂಪಿಗೆ ರೇಷ್ಮೆ ಎಳೆ ಬಿರುಸಾಗದೆ ಉಳಿಯುವುದು, ಇದನ್ನೆಲ್ಲ ಅವರೂ ಅವಳೂ ಒಬ್ಬರ ಬಾಯಿಂದ ಇನ್ನೊಬ್ಬರು ಕಸಿದುಕೊಂಡು ಹೇಳಿದರು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಅಂಚಿನ ಲಾಳಿ ತಳ್ಳುತ್ತಿದ್ದಳಂತೆ ನನ್ನ ಹೆಂಡತಿ. 2011ರಲ್ಲಿ ಮೊಳಕಾಲ್ಮುರು ಸೀರೆಗೆ ಜಿಐ ಮಾನ್ಯತೆ ಸಿಕ್ಕಾಗ ಕೂಡ ನನ್ನ ಮನೆಯಲ್ಲಿ ಈ ಮಾತು ಬಂದಿರಲಿಲ್ಲ. ಒಂದು ಟೈಲ್ಸಿನ ಡಬ್ ಸದ್ದಿಗೆ ಬಂತು.

ಹೊರಗೆ ಜಗಲಿಯಲ್ಲಿ ಅಮ್ಮನಿಗೆ ಅಷ್ಟರಲ್ಲಿ ಮೂವರು ಗೆಳತಿಯರಾಗಿದ್ದರು. ಒಬ್ಬಳು ತೆಲುಗಿನಲ್ಲಿ, ಇವಳು ಕನ್ನಡದಲ್ಲಿ. ಸೊಸೆಯಂದಿರ ವಿಷಯ, ಭಾಷೆ ತೊಡಕಾಗಲಿಲ್ಲ.

ಮುಂಗಡ ಕೊಟ್ಟೆವು. ಜಗಳ ಶುರುವಾದದ್ದು ಆಮೇಲೆ. ಮೂರು ಕೋಣೆ, ನಡುಮನೆ, ಅಟ್ಟ, ಹಿತ್ತಲು ಎಲ್ಲವೂ ಇರುವ ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇಕಾದದ್ದು ನಕ್ಷೆಯಲ್ಲಿಲ್ಲದ ಆ ಕುಣಿ. ಹೆಂಡತಿಗೆ ಮಗ್ಗ ಹೂಡಬೇಕು. ಅಮ್ಮನಿಗೆ ಅದನ್ನು ಕಂಡು ತವರಿನ ಹಗೇವು ನೆನಪಾಯಿತು. ಒಳಗೆ ಗಾರೆ ಬಳಿಸಿ, ಮೇಲೆ ಹಲಗೆ ಮುಚ್ಚಿದರೆ ಶೇಂಗಾ ಇಡಲು ಅದಕ್ಕಿಂತ ಜಾಗ ಬೇಕೇ? ಮಗಳು ಇಂಟರ್ನೆಟ್ಟಿನಲ್ಲಿ ಚಿತ್ರ ತೋರಿಸಿದಳು: ಜಪಾನಿನವರು ನೆಲದಲ್ಲೇ ಗುಂಡಿ ಮಾಡಿ, ಕಾಲಿಳಿಬಿಟ್ಟು, ಮೇಲೆ ಗಿಡ್ಡ ಮೇಜಿಟ್ಟು ಕೂರುತ್ತಾರೆ. ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದಂತಿದೆ, ಎದುರಿಗೆ ಕಿಟಕಿ, ಮುಖಕ್ಕೆ ಬೆಳಕು, ನೆಟ್‌ವರ್ಕು ನಾಲ್ಕು ಕಡ್ಡಿ.

ಮೇಸ್ತ್ರಿ ಬಂದು ಟೈಲ್ಸು ಎಬ್ಬಿಸಿ, ಕಲ್ಲುಕಸ ಎತ್ತಿಹಾಕಿ, ಹಳೆಯ ಅಂಚು ಕಾಣುವವರೆಗೆ ಅಗೆದು ನಿಲ್ಲಿಸಿದ. "ಇನ್ನೂ ತೆಗೀಲೋ, ಗಾರೆ ಬಳೀಲೋ, ಮತ್ತೆ ಮುಚ್ಚಲೋ? ಒಂದು ಹೇಳ್ರಿ ಸಾರ್" ಎಂದ. ಒಳಗಿನಿಂದ ಮೂರು ಉತ್ತರ ಒಟ್ಟಿಗೆ ಬಂದವು. ಆಳ ಎಷ್ಟಿದೆ ನೋಡುತ್ತೇನೆಂದು ನಾನು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಮೊಣಕಾಲವರೆಗೂ ಮಣ್ಣಿನ ತಂಪು ಏರಿತು. ಕಿಟಕಿಯ ಬೆಳಕು ನೇರ ತೊಡೆಯ ಮೇಲೆ. ಪಕ್ಕದಲ್ಲಿ ಮೇಸ್ತ್ರಿ ತಂದಿದ್ದ ಪೇಪರು ಬಿದ್ದಿತ್ತು. ಬಿಡಿಸಿದೆ.

"ಸಾರ್, ಕೂಲಿ ಲೆಕ್ಕ ನಡೀತೈತೆ" ಎಂದ ಮೇಸ್ತ್ರಿ. ನಾನು ಪುಟ ತಿರುಗಿಸಿ, ಒಳಗಡೆಗೆ ಕೇಳುವಂತೆ, ಟೀ ಇಲ್ಲಿಗೇ ಕಳಿಸಿ ಎಂದೆ.